ತಕ್ಕಡಿಗೆ ಬೀಳುವ ಮೊದಲು ಬಿಚ್ಚಿ ನೋಡಬೇಕಾದ ಸೀರೆ

ಜರಿ ಇರುವ ಹಳೇ ರೇಷ್ಮೆ ಸೀರೆಗೆ ನಮ್ಮ ಊರುಗಳಲ್ಲಿ ಮೊದಲು ಸಿಗುವ ಗಿರಾಕಿ ಉಡುವವಳಲ್ಲ, ಕರಗಿಸುವವನು. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ‘ಹಳೇ ಜರಿ ಸೀರೆ ಕೊಳ್ಳುತ್ತೇವೆ’ ಎಂಬ ಚೀಟಿಗಳು ಹೆಚ್ಚುತ್ತವೆ. ಮನೆಗೆ ಬಂದವನು ಸೀರೆಯನ್ನು ಪೂರ್ತಿ ಬಿಚ್ಚುವುದೂ ಇಲ್ಲ. ಅಂಚನ್ನು ಉಗುರಿನಿಂದ ಕೆರೆದು ನೋಡುತ್ತಾನೆ, ತಕ್ಕಡಿಗೆ ಹಾಕುತ್ತಾನೆ, ದುಡ್ಡು ಎಣಿಸುತ್ತಾನೆ. ಆಮೇಲೆ ಅದು ಬೆಂಕಿಗೆ. ರೇಷ್ಮೆ ಬೂದಿಯಾಗುತ್ತದೆ, ಆ ಬೂದಿಯಿಂದ ಬೆಳ್ಳಿ ತೆಗೆಯುತ್ತಾರೆ. ನೇಕಾರ ದಿನಗಟ್ಟಲೆ ಮಗ್ಗದ ಮುಂದೆ ಕುಳಿತು ನೇಯ್ದದ್ದರಲ್ಲಿ ಉಳಿಯುವುದು ಲೋಹದ ಒಂದು ಸಣ್ಣ ಗಟ್ಟಿ.

ಇದಕ್ಕೂ ಮುಂಚೆ ಪಾತ್ರೆಯವಳಿದ್ದಳು. ಹಳೇ ಬಟ್ಟೆ ಕೊಟ್ಟರೆ ಸ್ಟೀಲ್ ಡಬರಿ, ಜರಿ ಸೀರೆ ಕೊಟ್ಟರೆ ಕೊಳಗ. ಎಷ್ಟೋ ಮನೆಗಳ ಮದುವೆ ಸೀರೆಗಳು ಅಡುಗೆಮನೆಯ ಪಾತ್ರೆಗಳಾಗಿ ಬದಲಾದದ್ದು ಹೀಗೆ.

ನಾನು ಹಳೇ ರೇಷ್ಮೆ ಸೀರೆಗಳನ್ನು ಕೊಂಡು ಉಡಲು ಆರಂಭಿಸಿ ವರ್ಷಗಳಾದವು. ಪರಿಚಯದವರ ಕಪಾಟು, ಮನೆ ಖಾಲಿ ಮಾಡುವವರ ಟ್ರಂಕು, ಹಳೆಯದನ್ನೇ ಮಾರುವ ಪುಟ್ಟ ಅಂಗಡಿಗಳು, ಈಚೆಗೆ ಫೋನಿನಲ್ಲಿ ಬರುವ ಫೋಟೊಗಳು, ಎಲ್ಲ ದಾರಿಯಿಂದಲೂ ಸೀರೆ ಬರುತ್ತದೆ. ಕೊಳ್ಳುವವಳು ಸೀರೆಯನ್ನು ಓದಲು ಕಲಿತರೆ ಅದು ಕುಲುಮೆಗೆ ಹೋಗುವುದು ತಪ್ಪುತ್ತದೆ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಗಿದೆ.

‘ಬೇರೆಯವರು ಉಟ್ಟದ್ದನ್ನು ಉಡುವುದೇ?’ ಎಂಬುದು ಮೊದಲು ಎದುರಾಗುವ ಪ್ರಶ್ನೆ. ಅಜ್ಜಿಯ ಸೀರೆಯಾದರೆ ಹೆಮ್ಮೆ, ಪರರ ಅಜ್ಜಿಯದಾದರೆ ಅಳುಕು. ತೀರಿಹೋದವರ ಸೀರೆಯೇನೋ ಎಂಬ ಭಯವೂ ಅದರಲ್ಲಿ ಸೇರಿರುತ್ತದೆ. ಆದರೆ ಇದೇ ಸಮಾಜ ರೇಷ್ಮೆಯನ್ನು ಮಡಿಯೆಂದು ಒಪ್ಪಿದೆ; ದಿನವೂ ಒಗೆಯದೆ ಪೂಜೆಗೆ ಉಡಬಹುದಾದ ಬಟ್ಟೆಯೆಂದು ಅದಕ್ಕೆ ಬೇರೆಯೇ ಸ್ಥಾನ ಕೊಟ್ಟಿದೆ. ಅಳುಕಿರುವವರಿಗೆ ನಾನು ಒತ್ತಾಯ ಮಾಡುವುದಿಲ್ಲ. ಮಾರುವವರನ್ನು ಮಾತ್ರ ಕೇಳುತ್ತೇನೆ: ಯಾರದು, ಯಾವಾಗ ತಂದದ್ದು, ಎಷ್ಟು ಸಲ ಉಟ್ಟದ್ದು. ನೆಟ್ಟಗೆ ಕೇಳಿದರೆ ಹೆಚ್ಚಿನವರು ನೆಟ್ಟಗೆ ಹೇಳುತ್ತಾರೆ. ಆ ಉತ್ತರದಲ್ಲೇ ಸೀರೆಯ ವಯಸ್ಸು, ಇಟ್ಟ ಬಗೆ, ಮಾರುವ ಕಾರಣ ಎಲ್ಲ ತಿಳಿದುಬಿಡುತ್ತದೆ.

ಈ ಸೀರೆಗಳು ಕಪಾಟಿನ ಮೂಲೆ ಸೇರುವುದಕ್ಕೆ ಸವೆತ ಕಾರಣವಲ್ಲ, ಹೆಚ್ಚಾಗಿ ಫ್ಯಾಷನ್ನೇ ಕಾರಣ. 2017ರ ಡಿಸೆಂಬರಿನಲ್ಲಿ ಇಟಲಿಯ ಟಸ್ಕನಿಯಲ್ಲಿ ನಡೆದ ತಮ್ಮ ಮದುವೆಗೆ ನಟಿ ಅನುಷ್ಕಾ ಶರ್ಮಾ ತಿಳಿಗುಲಾಬಿ ಲೆಹೆಂಗಾ ತೊಟ್ಟರು. ಅದರ ಬೆನ್ನಿಗೇ ಮದುವೆ ಮನೆಗಳಲ್ಲಿ ತಿಳಿಬಣ್ಣಗಳ ಸರದಿ ಬಂತು. ಗಿಣಿಹಸಿರು, ಅರಿಶಿನ, ಕುಂಕುಮದ ಕೆಂಪು, ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರಿನಿಂದಲೇ ಕರೆಯುವ ಎಂಎಸ್ ನೀಲಿ, ಇವೆಲ್ಲ ಇದ್ದಕ್ಕಿದ್ದಂತೆ ‘ಅಮ್ಮನ ಕಾಲದವು’ ಆದವು. ಬಟ್ಟೆಗೆ ಏನೂ ಆಗಿರಲಿಲ್ಲ. ಆರು ವರ್ಷಗಳ ನಂತರ, 2023ರ ಅಕ್ಟೋಬರಿನಲ್ಲಿ, ಆಲಿಯಾ ಭಟ್ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಸ್ವೀಕರಿಸಲು ತಮ್ಮ ಮದುವೆಯ ಸೀರೆಯನ್ನೇ ಉಟ್ಟು ಬಂದರು. ಒಮ್ಮೆ ಉಟ್ಟದ್ದನ್ನು ಮತ್ತೆ ಉಟ್ಟದ್ದೇ ದೇಶಕ್ಕೆಲ್ಲ ಸುದ್ದಿಯಾಯಿತು! ನಮ್ಮ ಹಿರಿಯರು ಒಂದೇ ಸೀರೆಯನ್ನು ನಾಮಕರಣಕ್ಕೂ ಗೃಹಪ್ರವೇಶಕ್ಕೂ ಮಗಳ ಮದುವೆಗೂ ಉಟ್ಟವರು. ಆ ಸುದ್ದಿ ಓದಿ ನನಗಾದದ್ದು ಸಂತೋಷವೇ; ದೊಡ್ಡವರು ಮಾಡಿದ್ದನ್ನು ಜನ ನೋಡುತ್ತಾರೆ.

ಮೈಸೂರು ರೇಷ್ಮೆಯ ವಿಷಯದಲ್ಲಿ ಹಳೆಯದರ ಈ ಕಡೆಗಣನೆ ಇನ್ನೂ ವಿಚಿತ್ರ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯಲ್ಲೇ ಇವತ್ತಿಗೂ ಆ ಸೀರೆ ನೇಯುತ್ತಾರೆ. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಕೈಯಲ್ಲಿದೆ. ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಎಂಬುದು ಸಂಸ್ಥೆಯೇ ಹೇಳುವ ಲೆಕ್ಕ. ಹೊಸ ಸೀರೆಗಾಗಿ ಮಳಿಗೆಗಳ ಮುಂದೆ ಜನ ನಸುಕಿನಲ್ಲೇ ಸಾಲು ನಿಲ್ಲುತ್ತಾರೆ. ಅದೇ ಊರಿನ ಇನ್ನೊಂದು ಬೀದಿಯಲ್ಲಿ ಅದೇ ಕಾರ್ಖಾನೆಯ ಹಳೇ ಸೀರೆ ತೂಕಕ್ಕೆ ಹೋಗುತ್ತಿರುತ್ತದೆ.

ಈಚಿನ ಕೆಎಸ್‌ಐಸಿ ಸೀರೆಗಳಲ್ಲಿ ಪ್ರತಿಯೊಂದಕ್ಕೂ ಒಂದು ಸಂಖ್ಯೆಯನ್ನು ದಾರದಲ್ಲೇ ಮೂಡಿಸಿರುತ್ತಾರೆ. ಕೈಬದಲಾದ ಸೀರೆ ಕೊಳ್ಳುವವರು ಮೊದಲು ಹುಡುಕಬೇಕಾದದ್ದು ಅದನ್ನು. ರಸೀದಿ ಇದ್ದರಂತೂ ಒಳ್ಳೆಯದು. ಬಹಳ ಹಳೆಯ ಸೀರೆಗಳಲ್ಲಿ ಇವೆರಡೂ ಸಿಗುವುದಿಲ್ಲ. ಆಗ ಕೈಬೆರಳೇ ಗತಿ. ಮೈಸೂರಿನದು ಕ್ರೇಪ್ ರೇಷ್ಮೆ. ಹೊಕ್ಕಿನ ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯ್ದಿರುವುದರಿಂದ ಮೈಗೆ ಅಂಟಿಕೊಂಡಂತೆ ಇಳಿಬೀಳುತ್ತದೆ, ಹಿಡಿದರೆ ಸಣ್ಣ ತರಿ ತಾಗುತ್ತದೆ. ಆ ಹುರಿಯಿಂದಾಗಿಯೇ ನೀರು ತಾಗಿದರೆ ಕುಗ್ಗುತ್ತದೆ. ಮನೆಯಲ್ಲಿ ಒಗೆದ ಕ್ರೇಪ್ ಸೀರೆಯ ಅಂಚು ಒಡಲಿನ ಜೊತೆ ಸರಿಯಾಗಿ ಕೂರದೆ ಅಲೆಅಲೆಯಾಗಿರುತ್ತದೆ. ಅಂಥದ್ದನ್ನು ಇಸ್ತ್ರಿ ಸರಿಮಾಡುವುದಿಲ್ಲ, ಬಿಟ್ಟುಬಿಡುವುದು ಲೇಸು.

ಜರಿಯ ಪರೀಕ್ಷೆಗೆ ಹೆಚ್ಚು ಹೊತ್ತು ಬೇಕಿಲ್ಲ, ಒಡತಿಯ ಒಪ್ಪಿಗೆ ಬೇಕು. ಸೆರಗಿನ ತುದಿಯಲ್ಲಿ ಬಿಟ್ಟುಕೊಂಡಿರುವ ಒಂದು ಎಳೆ ಸಾಕು. ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಚಪ್ಪಟೆ ಬೆಳ್ಳಿತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಕೆರೆದರೆ ಒಳಗಿನಿಂದ ಸಾಮಾನ್ಯವಾಗಿ ಕೆಂಪು ರೇಷ್ಮೆ ಇಣುಕುತ್ತದೆ. ತಾಮ್ರದ ತಂತಿಗೆ ಬೆಳ್ಳಿ ಬಳಿದದ್ದೂ ಇದೆ, ಬರೀ ಪ್ಲಾಸ್ಟಿಕ್ ಪದರದ್ದೂ ಇದೆ. ಕಪ್ಪಿಟ್ಟ ಜರಿ ಕಂಡು ಕೊಳ್ಳುವವರು ಹಿಂದೆ ಸರಿಯುತ್ತಾರೆ, ಮಾರುವವರೂ ಬೆಲೆ ಇಳಿಸುತ್ತಾರೆ. ಬೆಳ್ಳಿ ಇದ್ದರೆ ಕಪ್ಪಾಗುವುದು ಸಹಜ. ದೇವರ ಮನೆಯ ಬೆಳ್ಳಿ ದೀಪ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಸಿರು ಕಿಲುಬು ಹಿಡಿದಿದ್ದರೆ ಅನುಮಾನಪಡಬೇಕು, ಅದು ತಾಮ್ರದ ಗುಣ. ದಶಕಗಳಾದರೂ ಸ್ವಲ್ಪವೂ ಮಾಸದೆ ಥಳಥಳಿಸುವ ಜರಿ ಕಂಡರೆ ನಾನು ಇನ್ನೊಮ್ಮೆ ನೋಡುತ್ತೇನೆ.

ರೇಷ್ಮೆಯದೇ ಸಂಶಯವಿದ್ದರೆ ಒಂದು ಎಳೆಯನ್ನು ಸುಡಬಹುದು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಬೆಂಗಳೂರಿನ ಕೇಂದ್ರ ರೇಷ್ಮೆ ಮಂಡಳಿಯು 2004ರಲ್ಲಿ ಸಿಲ್ಕ್ ಮಾರ್ಕ್ ಚೀಟಿಯನ್ನು ಜಾರಿಗೆ ತಂದಿತು. ಅದು ಭರವಸೆ ಕೊಡುವುದು ರೇಷ್ಮೆಯ ಬಗ್ಗೆ, ಜರಿಯ ಬಗ್ಗೆ ಅಲ್ಲ.

ಕಾಂಜೀವರಂ ಕೊಳ್ಳುವಾಗ ನಾನು ಮೊದಲು ಹಿಂಬದಿ ತಿರುಗಿಸುತ್ತೇನೆ. ಒಡಲಿಗೂ ಅಂಚಿಗೂ ಬೇರೆ ಬೇರೆ ಲಾಳಿ ಓಡಿಸಿ, ಎರಡೂ ಕೂಡುವ ಕಡೆ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ನೇಯುವ ಪದ್ಧತಿಗೆ ಅಲ್ಲಿಯ ನೇಕಾರರು ಕೊರ್ವೈ ಎನ್ನುತ್ತಾರೆ. ಹಳೇ ಪದ್ಧತಿಯ ಮಗ್ಗದಲ್ಲಿ ಇದಕ್ಕೆ ಇನ್ನೊಬ್ಬರ ಕೈ ಬೇಕು. ಹಾಗೆ ನೇಯ್ದ ಸೀರೆಯ ಅಂಚಿನ ಬಣ್ಣ ಅಪ್ಪಟವಾಗಿರುತ್ತದೆ. ಒಂದೇ ಲಾಳಿ ಈ ತುದಿಯಿಂದ ಆ ತುದಿಗೆ ಓಡಿದ್ದರೆ ಒಡಲಿನ ಬಣ್ಣ ಅಂಚಿನಲ್ಲೂ ಬೆರೆತು, ಕೆಂಪಂಚು ಕಂದಾಗಿ ಕಾಣುತ್ತದೆ. ಕೊರ್ವೈ ಸೀರೆಯ ಕೂಡುಗೆರೆಯೇ ಅದರ ಬೆಲೆ, ಅದೇ ಅದರ ದುರ್ಬಲ ಜಾಗವೂ ಹೌದು. ಆ ಗೆರೆಯ ಉದ್ದಕ್ಕೂ ಬೆರಳಾಡಿಸಿದರೆ ಎಳೆ ಬಿಟ್ಟಿರುವುದು ಗೊತ್ತಾಗುತ್ತದೆ. ಅಲ್ಲಲ್ಲಿ ಬಿಟ್ಟಿದ್ದರೆ ರಫು ಮಾಡಿಸಬಹುದು. ಗೇಣುದ್ದಕ್ಕೂ ಬಿಟ್ಟಿದ್ದರೆ ಆಸೆ ಬಿಡಬೇಕು.

ಇಳಕಲ್ ಸೀರೆಯಲ್ಲಿ ಜೋಡಣೆ ಇರುವುದು ಸೆರಗಿನಲ್ಲಿ. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕುಣಿಕೆ ಹಾಕಿ ಸೇರಿಸಿರುತ್ತಾರೆ. ತೋಪು ತೆನಿ ಸೆರಗಿನ ಕೆಂಪು ರೇಷ್ಮೆ ಎಷ್ಟೋ ಸಲ ಒಡಲಿಗಿಂತ ಗಟ್ಟಿಯಾಗಿ ಉಳಿದಿರುತ್ತದೆ. ಧಾರವಾಡದ ಕಡೆಯ ಹಳೆಯ ಚಂದ್ರಕಾಳಿ ಸೀರೆ, ಅದರ ಮೇಲೆ ಗವಂತಿ, ಮುರ್ಗಿ, ನೇಗಿ, ಮೆಂತ್ಯ ಹೊಲಿಗೆಗಳ ಕಸೂತಿ ಸಿಕ್ಕಿದರೆ ನಾನು ಚೌಕಾಸಿಗೇ ಇಳಿಯುವುದಿಲ್ಲ. ತೇರು, ಗೋಪುರ, ತುಳಸಿಕಟ್ಟೆಗಳನ್ನು ಬಟ್ಟೆಯ ಎಳೆ ಎಣಿಸಿ ಮೂಡಿಸಿದ ಆ ಕೆಲಸಕ್ಕೆ ಕರಗಿಸುವವನ ತಕ್ಕಡಿ ಏನೂ ಕೊಡುವುದಿಲ್ಲ, ಏಕೆಂದರೆ ಅಲ್ಲಿ ಬೆಳ್ಳಿಯೇ ಇಲ್ಲ. ಹಾಗಾಗಿ ಇಂಥವು ಒರೆಸುವ ಬಟ್ಟೆಯಾಗಿಯೂ ಮುಗಿದುಹೋಗಿವೆ. ಇದು ನನಗೆ ಜರಿ ಸುಡುವುದಕ್ಕಿಂತ ಹೆಚ್ಚು ನೋವಿನ ಸಂಗತಿ.

ಬಿಚ್ಚಿದ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕು. ಮಡಿಕೆಯ ಗೆರೆಗಳಲ್ಲಿ ಬೆಳಕು ಸೂಜಿಮೊನೆಯಷ್ಟು ತೂರಿದರೂ ಅಲ್ಲಿ ರೇಷ್ಮೆ ಸೀಳಲು ಶುರುವಾಗಿದೆ ಎಂದರ್ಥ. ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ಸೀರೆಗಳ ಗತಿ ಇದೇ. ಸೊಂಟಕ್ಕೆ ಸಿಕ್ಕಿಸುವ ಭಾಗ ಬೆವರಿಗೆ ಸೊರಗಿರುತ್ತದೆ. ಉಟ್ಟಾಗ ಅದು ಕಾಣುವುದಿಲ್ಲ, ಭಾರವನ್ನೆಲ್ಲ ಹೊರುವುದು ಮಾತ್ರ ಅದೇ. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಚರ್ ಎಂದರೆ ಸೀರೆ ಜೀರ್ಣವಾಗಿದೆ. ಕಲೆಗಳ ಬಗ್ಗೆ ಇಷ್ಟು ಗಾಬರಿ ಬೇಡ. ನೆರಿಗೆಯೊಳಗೆ ಅಡಗುವ ಅರಿಶಿನದ ಕಲೆ ಯಾರಿಗೂ ಕಾಣುವುದಿಲ್ಲ. ಫೋಟೊ ನೋಡಿ ಕೊಳ್ಳುವವರು ಸೆರಗಿನ ಚಿತ್ರದ ಜೊತೆ ಹಿಂಬದಿ, ಮಡಿಕೆ, ಸೊಂಟದ ಭಾಗ ಇವುಗಳ ಚಿತ್ರವನ್ನೂ ಕೇಳಿ ತರಿಸಿಕೊಳ್ಳಬೇಕು. ಕಳಿಸಲು ಹಿಂದೇಟು ಹಾಕುವವರಿಂದ ಕೊಳ್ಳದಿದ್ದರೆ ನಷ್ಟವಿಲ್ಲ.

ಉದ್ದವನ್ನೂ ಅಳೆಯಬೇಕು. ಕಚ್ಚೆ ಹಾಕಿ ಉಡುತ್ತಿದ್ದ ಹದಿನೆಂಟು ಮೊಳದ ಸೀರೆಗಳು ಈಗ ಉಡುವವರಿಲ್ಲದೆ ಅಗ್ಗಕ್ಕೆ ಸಿಗುತ್ತವೆ. ಅವನ್ನು ಕತ್ತರಿಸಿ ಹನ್ನೆರಡು ಮೊಳಕ್ಕೆ ಇಳಿಸಿ, ಮಿಕ್ಕಿದ್ದರಲ್ಲಿ ರವಿಕೆ ಹೊಲಿಸುವವರಿದ್ದಾರೆ. ಗಟ್ಟಿ ಸೀರೆಗೆ ಕತ್ತರಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಜೀರ್ಣವಾದದ್ದರ ಅಂಚು ಬಿಡಿಸಿ ಮಗುವಿಗೆ ಲಂಗ ಹೊಲಿಸಿದರೆ ಅದು ಬೇರೆ ಮಾತು.

ಹೊರದೇಶಗಳಲ್ಲಿ ಕೈಬದಲಾದ ಬೆಲೆಬಾಳುವ ಉಡುಪು, ಚೀಲಗಳಿಗೆ ದೊಡ್ಡ ಮಾರುಕಟ್ಟೆಯೇ ಇದೆ. 2025ರ ಜುಲೈನಲ್ಲಿ ಪ್ಯಾರಿಸ್ಸಿನ ಸದಬೀಸ್ ಹರಾಜಿನಲ್ಲಿ, ನಟಿ, ಗಾಯಕಿ ಜೇನ್ ಬರ್ಕಿನ್ ಅವರಿಗೆಂದೇ ಅರ್ಮೆಸ್ ಕಂಪನಿ ಮಾಡಿಕೊಟ್ಟಿದ್ದ ಮೊದಲ ಬರ್ಕಿನ್ ಚೀಲವನ್ನು ಜಪಾನಿನ ಕಂಪನಿಯೊಂದು ಸುಮಾರು 86 ಲಕ್ಷ ಯೂರೊ ಕೊಟ್ಟು ಕೊಂಡಿತು. ಆ ಚೀಲ ಹೊಸದರಂತಿರಲಿಲ್ಲ. ಅದಕ್ಕೆ ಅಂಟಿಸಿದ್ದ ಸ್ಟಿಕ್ಕರುಗಳ ಗುರುತು ಉಳಿದಿತ್ತು, ಪಟ್ಟಿಗೆ ಉಗುರು ಕತ್ತರಿಸುವ ಸಾಧನ ನೇತಾಡುತ್ತಿತ್ತು. ಬಳಸಿದ ಗುರುತುಗಳೂ ಸೇರಿಯೇ ಬೆಲೆ ಕಟ್ಟಿದರು. ನಮ್ಮಲ್ಲಿ ಸೀರೆಗೆ ಅಂಥ ಹರಾಜುಕಟ್ಟೆ ಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಉಟ್ಟ ಸೀರೆಯ ಬೆಲೆಯನ್ನು ಬೆಳ್ಳಿಯ ತೂಕವೊಂದೇ ತೀರ್ಮಾನಿಸುವುದು ನಿಲ್ಲಬೇಕು.

ಹೀಗಾಗಿ ಬೆಲೆ ಮಾತಾಡುವಾಗ ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ. ಜರಿಯವನು ಎಷ್ಟು ಹೇಳಿದ ಎಂದು ಮೊದಲು ಕೇಳಿ, ಅದಕ್ಕಿಂತ ಕಡಿಮೆಗೆ ಎಂದೂ ಕೇಳುವುದಿಲ್ಲ. ಮೈಸೂರಿನ ಅಗ್ರಹಾರದ ಮನೆಯೊಂದರಲ್ಲಿ ವಯಸ್ಸಾದ ಒಬ್ಬ ಅಮ್ಮ, ‘ಅವನು ಹೆಚ್ಚು ಕೊಡ್ತೀನಿ ಅಂದ, ಆದ್ರೆ ಸುಡ್ತಾನಂತಲ್ಲಮ್ಮ’ ಎಂದು ಕೇಳಿದ್ದರು. ಕಷ್ಟಕ್ಕೆ ಮಾರುವವರ ಹತ್ತಿರ ಕೊಸರಾಡಿ ಗೆಲ್ಲುವುದರಲ್ಲಿ ಯಾವ ಜಾಣತನವೂ ಇಲ್ಲ. ಅಷ್ಟು ಕೊಡಲಾಗದಿದ್ದರೆ, ಕೊಡಬಲ್ಲ ಗೆಳತಿಯನ್ನು ಹುಡುಕಿಕೊಡುತ್ತೇನೆ.

ಕೊಟ್ಟ ದುಡ್ಡಿನ ಮೇಲೆ ಡ್ರೈಕ್ಲೀನ್, ಪಾಲಿಷ್, ಫಾಲ್, ಹೊಸ ಕುಚ್ಚು, ರಫು, ಇವುಗಳ ಖರ್ಚನ್ನೂ ಮೊದಲೇ ಕೂಡಿಸಿಕೊಳ್ಳಬೇಕು. ಎಲ್ಲ ಸೇರಿ ಹೊಸ ಸೀರೆಯ ಬೆಲೆಗೆ ಹತ್ತಿರವಾದರೆ ಆ ಸೀರೆಯ ಮೇಲೆ ನಿಜವಾದ ಮೋಹವಿರಬೇಕು. ರಫು ಮಾಡುವವರು ಈಗ ಕಡಿಮೆ. ಈ ಕೆಲಸಕ್ಕೆ ಹೆಸರಾದದ್ದು ಉತ್ತರ ಪ್ರದೇಶದ ನಜೀಬಾಬಾದ್. ಒಳ್ಳೆಯ ರಫುಗಾರ ಸೀರೆಯ ಒಳತುದಿಯಿಂದಲೇ ಎಳೆ ತೆಗೆದು ತೂತಿನಲ್ಲಿ ಹಾಸು ಹೊಕ್ಕು ಕೂಡಿಸುತ್ತಾನೆ, ಬೇರೆ ದಾರ ಮುಟ್ಟುವುದಿಲ್ಲ. ಅವನಿಗೆ ಮದುವೆ ಕಾಲದಲ್ಲಿ ಪುರುಸೊತ್ತಿರುವುದಿಲ್ಲ. ಅಂಗಡಿಗಳವರು ರಿಯಾಯಿತಿ ಫಲಕ ತೂಗುಹಾಕುವ ಆಷಾಢದಲ್ಲಿ ನಾನು ರಿಪೇರಿಯ ಸೀರೆಗಳನ್ನೆಲ್ಲ ಅವನ ಹತ್ತಿರ ಒಯ್ಯುತ್ತೇನೆ. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಉಡಲು ಸಿಗುತ್ತವೆ.