ಕಿಡ್ನಿ ಕಾಯಿಲೆ: ಪಿಂಚಣಿ ಅರ್ಜಿ ವಜಾ ಆಯಿತು, ಮುಂದೇನು?

ಕೊಡಗಿನ ಮಾಜಿ ಹವಾಲ್ದಾರ್ ನಾನು. 2019ರಲ್ಲಿ ಕಿಡ್ನಿ ಕಾಯಿಲೆಯಿಂದ ಸೇನೆ ಬಿಟ್ಟೆ. ಶೇ 30 ವೈಕಲ್ಯವಿದ್ದರೂ ‘ಸೇವೆಗೆ ಸಂಬಂಧವಿಲ್ಲ’ವೆಂದು ಪಿಂಚಣಿ ಕೊಟ್ಟಿಲ್ಲ. ಮೊದಲ ಮೇಲ್ಮನವಿಯೂ ಕಳೆದ ತಿಂಗಳು ವಜಾ ಆಗಿದೆ.

ಎರಡನೇ ಮೇಲ್ಮನವಿಗೆ ಆರು ತಿಂಗಳ ಗಡುವಿದೆ, ತಡಮಾಡಬೇಡಿ. ಮೊದಲು ನಿಮ್ಮ ರೆಕಾರ್ಡ್ ಆಫೀಸಿನಿಂದ ಬಿಡುಗಡೆ ವೇಳೆಯ ವೈದ್ಯಕೀಯ ಮಂಡಳಿಯ ವರದಿ ತರಿಸಿ, ಷರಾ ಓದಿ. ಬರೀ ಒಂದು ಸಾಲು ಗೀಚಿ ಕಾರಣವನ್ನೇ ಬರೆದಿಲ್ಲವೇ? ಹಾಗಾದರೆ ನಿಮ್ಮ ಕೈ ಮೇಲು. ಭರ್ತಿಯಾದಾಗ ದಾಖಲಾಗಿರದ ಕಾಯಿಲೆಯನ್ನು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಸೇನೆಯದು ಎಂದು ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸೇವಾವಧಿಯ ಕ್ರಿಯಾಟಿನಿನ್ ವರದಿಗಳನ್ನೂ ನೆಫ್ರಾಲಜಿಸ್ಟ್ ಅಭಿಪ್ರಾಯವನ್ನೂ ಲಗತ್ತಿಸಿ. ಅರ್ಜಿ ಬರೆಯಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ನೆರವು ಕೇಳಿ. ಅದೂ ವಜಾ ಆದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೇ ಗತಿ. ಅಲ್ಲಿಗೆ ಸೇನಾ ಪ್ರಕರಣಗಳಲ್ಲಿ ಪಳಗಿದ ವಕೀಲರಿಲ್ಲದೆ ಹೋಗಬೇಡಿ.