ಒಂಟಿತನವೂ ಕೈಯೊಳಗಿನ ಫೋನೂ



2020ನೆಯ ಇಸವಿಯ ಮಾರ್ಚ ತಿಂಗಳಲ್ಲಿ ಕೊರೋನಾ ಬೇನೆಯ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠಗಳು ಫೋನಿನೊಳಗೆ ಬಂದವು. ಶಾಲೆಗಳು ತಿರುಗಿ ತೆರೆದವು. ಫೋನಾದರೋ ಹುಡುಗಿಯರ ಕೈಯಲ್ಲಿಯೇ ಉಳಿಯಿತು.

ಅದು ಮನಸ್ಸನ್ನು ಇಷ್ಟು ಬಿಗಿಯಾಗಿ ಹಿಡಿಯುವದು ಹೇಗೆ? ಅಮೇರಿಕದ ಮನಶ್ಶಾಸ್ತ್ರಜ್ಞರಾದ ಸ್ಕಿನ್ನರರು ಪಾರಿವಾಳವನ್ನು ಪೆಟ್ಟಿಗೆಯಲ್ಲಿರಿಸಿ, ಅದು ಒಂದು ಬಿಲ್ಲೆಯನ್ನು ಕೊಕ್ಕಿನಿಂದ ಕುಟ್ಟಿದರೆ ಕಾಳು ಬೀಳುವಂತೆ ಮಾಡಿದರು. ಕಾಳು ಒಮ್ಮೆ ಬಿದ್ದು ಒಮ್ಮೆ ಬೀಳದೆ, ಯಾವಾಗ ಬೀಳುವದೆಂಬ ನಿಯಮವೇ ಇಲ್ಲದಿದ್ದಾಗ, ಮುಂದೆ ಅದು ಪೂರಾ ನಿಂತರೂ ಹಕ್ಕಿಯು ಬಹಳ ಹೊತ್ತು ಕುಟ್ಟುತ್ತಲೇ ಇರುವದು. ಇನ್‌ಸ್ಟಾಗ್ರಾಮಿನಲ್ಲಿ ತನ್ನ ಚಿತ್ರವನ್ನು ಹಾಕಿ, ಯಾರಾರು ಮೆಚ್ಚಿದರೆಂದು ಗಳಿಗೆಗೊಮ್ಮೆ ನೋಡುವ ಹುಡುಗಿಯ ಸ್ಥಿತಿಯೂ ಇಂಥದೇ. ಅಲ್ಲದೆ ಪುಸ್ತಕಕ್ಕೆ ಕಡೆಯ ಪುಟವೊಂದಿರುವದು, ರೀಲುಗಳಿಗೆ ಅದಿಲ್ಲ.

ಆದರೆ ತಪ್ಪೆಲ್ಲವನ್ನೂ ಯಂತ್ರದ ಮೇಲೆ ಹೊರಿಸುವದು ನ್ಯಾಯವಲ್ಲ. ನಮ್ಮ ತಾಯಂದಿರು ಗುಂಪುಗೂಡಿ ಕೆರೆಯ ನೀರಿಗೆ ಹೋಗುತ್ತಿದ್ದರು. ಆ ಕೊಡದ ಭಾರವು ಮರಳಿ ಬರಲೆಂದು ನಾನು ಹೇಳುವವಳಲ್ಲ. ಆದರೆ ದಾರಿಯ ಮಾತಿನಲ್ಲಿ ಮನಸ್ಸು ಹಗುರಾಗುತ್ತಿತ್ತು. ಈಗ ಮೊರಬದಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ತಾಯಿಯು ಹೊಲದಿಂದ ಬರುವ ವರೆಗೆ ಹುಡುಗಿಯು ಒಬ್ಬಳೇ ಮನೆ ಕಾಯುವಳು.

ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿಯು ನಡುರಾತ್ರಿಯ ವರೆಗೆ ಫೋನು ನೋಡಿ, ವರ್ಗದಲ್ಲಿ ತೂಕಡಿಸುತ್ತಿದ್ದಳು. ಅದನ್ನು ಕಸಿದುಕೊಳ್ಳಿರೆಂದು ತಂದೆಗೆ ಹೇಳಿದವಳು ನಾನೇ. ಹುಡುಗಿಯು ಎರಡು ದಿವಸ ಉಣ್ಣಲಿಲ್ಲ. ಕರೆದು ಕೇಳಲು, "ಅಕ್ಕೋರೆ, ಮನಿಯೊಳಗ ನನ್ನ ಕೂಡ ಮಾತಾಡೂದು ಅದೊಂದ ಇತ್ತರಿ" ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಎಲೀಯನು ತಾನೊಬ್ಬನೇ ಉಳಿದೆನೆಂದು ನೊಂದು, ಅಡವಿಯ ಗಿಡದ ಕೆಳಗೆ ಸಾವನ್ನು ಬೇಡಿದ ಸಂಗತಿಯು ನಿಮಗೆ ನೆನಪಿರುವದು. ದೇವದೂತನು ಅವನನ್ನು ಗದರಿಸಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಪುನಃ ಮಲಗಗೊಟ್ಟನು. ತರುವಾಯ ಎಲೀಷನು ಅವನಿಗೆ ಜೊತೆಯಾದನು. ನಾನಾದರೋ ಈ ಕ್ರಮವನ್ನು ಬಿಟ್ಟು, ಕಸಿದುಕೊಳ್ಳುವದರಿಂದಲೇ ಆರಂಭಿಸಿದ್ದೆನು.

ಈಗ ಆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಎಲ್ಲರ ಫೋನುಗಳೂ, ತಂದೆಯದು ಸಹ, ಗೋಡೆಯ ಮಾಡದಲ್ಲಿರುವವು. ತಾಯಿಯು ರೊಟ್ಟಿ ಬಡಿಯುವಾಗ ಹುಡುಗಿಯು ಒಲೆಯ ಹತ್ತಿರ ಕುಳಿತು ಶಾಲೆಯ ಸುದ್ದಿಯನ್ನು ಹೇಳುವಳು. ಶನಿವಾರ ಮಧ್ಯಾಹ್ನ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಓಣಿಯ ಆರು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ, ಈಕೆಯೂ ಅವರಲ್ಲೊಬ್ಬಳು. ಬೇರೆ ಓಣಿಗಳ ಹುಡುಗಿಯರೂ ಬರುತ್ತೇವೆನ್ನುತ್ತಿದ್ದಾರೆ. ಹೊಲಿಗೆ ಬಲ್ಲವರು ಇನ್ನಿಬ್ಬರು ಬೇಕಾಗಿದ್ದಾರೆ.