ಸಿಡಿಲು ಹಾಕುವ ಸಿಳ್ಳೆ

ಮೊದಲ ಮಹಾಯುದ್ಧದ ಕಾಲ. ಶತ್ರುಪಡೆಯ ಫೋನ್ ಮಾತು ಕದ್ದು ಕೇಳೋಕೆ ಜರ್ಮನಿಯ ಹೈನ್ರಿಚ್ ಬಾರ್ಕ್‌ಹೌಸನ್ ನೆಲದಲ್ಲಿ ಪ್ರೋಬ್ ಊರಿ, ಆಂಪ್ಲಿಫೈಯರ್‌ಗೆ ಜೋಡಿಸಿದ್ದರು. ಮಾತಿನ ನಡುವೆ ಇನ್ನೊಂದು ಸದ್ದೂ ಕೇಳಿಸಿತು: ಕೀಚಲಾಗಿ ಶುರುವಾಗಿ ಮೆಲ್ಲಗೆ ಇಳಿಯುವ ಸಿಳ್ಳೆ. ಅದು ಎಲ್ಲಿಂದ ಬರುತ್ತೆ ಅಂತ ವಿವರಿಸಿದ್ದು 1953ರಲ್ಲಿ, ಕೇಂಬ್ರಿಡ್ಜ್‌ನ ಸಂಶೋಧಕ ಓವೆನ್ ಸ್ಟೋರಿ. ಆ ಸಿಳ್ಳೆಯ ಮೂಲ ಸಿಡಿಲು!

ಸಿಡಿಲು ಹೊಡೆದಾಗ ಎಲ್ಲ ಫ್ರೀಕ್ವೆನ್ಸಿಯ ಅಲೆಗಳೂ ಒಟ್ಟಿಗೇ ಹೊರಡುತ್ತವೆ. ಅದರಲ್ಲಿ ವಿಎಲ್‌ಎಫ್, ಅಂದರೆ 3ರಿಂದ 30 ಕಿಲೋಹರ್ಟ್ಸ್ ಅಲೆಗಳು ಹೆಚ್ಚಾಗಿ ನೆಲಕ್ಕೂ ಅಯನೋಸ್ಫಿಯರ್‌ಗೂ ನಡುವೆ ಓಡುತ್ತವೆ. ಒಂದು ಪಾಲು ಮಾತ್ರ ಮೇಲಕ್ಕೆ ಸೋರಿಹೋಗುತ್ತೆ.

ಇಲ್ಲೊಂದು ಅನುಮಾನ ಬರಲೇಬೇಕು. ಪ್ಲಾಸ್ಮಾ ಫ್ರೀಕ್ವೆನ್ಸಿಗಿಂತ ಕಡಿಮೆಯ ಅಲೆ ಪ್ಲಾಸ್ಮಾ ಒಳಗೆ ಹೋಗಲ್ಲ, ವಾಪಸ್ ಬರುತ್ತೆ ಅಂತ ಕ್ಲಾಸಲ್ಲಿ ಓದಿದ್ದೇವಲ್ಲ? ಅಯನೋಸ್ಫಿಯರ್‌ನಲ್ಲಿ ಅದು ಹಲವು ಮೆಗಾಹರ್ಟ್ಸ್. 5 ಕಿಲೋಹರ್ಟ್ಸ್ ಅಲೆ ದಾಟಿದ್ದು ಹೇಗೆ?

ಆ ನಿಯಮ ಕಾಂತಕ್ಷೇತ್ರ ಇಲ್ಲದ ಪ್ಲಾಸ್ಮಾಕ್ಕೆ. ಭೂಮಿಯ ಕಾಂತರೇಖೆಗಳ ಸುತ್ತ ಎಲೆಕ್ಟ್ರಾನುಗಳು ಗಿರಕಿ ಹೊಡೆಯುತ್ತವೆ. ಆ ಗಿರಕಿಯ ದಿಕ್ಕಲ್ಲೇ, ಅದಕ್ಕಿಂತ ನಿಧಾನವಾಗಿ ತಿರುಗುವ ಅಲೆಗೆ ದಾರಿ ಸಿಗುತ್ತೆ. ಅದು ಹೆಚ್ಚೂಕಡಿಮೆ ಕಾಂತರೇಖೆಯನ್ನೇ ಹಿಡಿದು, ಸಾವಿರಾರು ಕಿಲೋಮೀಟರ್ ಮೇಲೇರಿ, ಭೂಮಿಯ ಇನ್ನೊಂದು ಗೋಳಾರ್ಧದಲ್ಲಿ ಇಳಿಯುತ್ತೆ.

ಸಿಳ್ಳೆ ಯಾಕೆ? ಈ ದಾರಿಯಲ್ಲಿ ಗ್ರೂಪ್ ವೆಲಾಸಿಟಿ ಸರಿಸುಮಾರು ಫ್ರೀಕ್ವೆನ್ಸಿಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತೆ. ಹೆಚ್ಚಿನ ಫ್ರೀಕ್ವೆನ್ಸಿ ಮೊದಲು ತಲುಪುತ್ತೆ, ಕಡಿಮೆಯದು ಹಿಂದೆ ಬೀಳುತ್ತೆ. ತಡವಾದ ಸಮಯ = ಡಿಸ್ಪರ್ಷನ್ ÷ √ಫ್ರೀಕ್ವೆನ್ಸಿ. ಡಿಸ್ಪರ್ಷನ್ 60 ಅಂತಿಟ್ಟುಕೊಳ್ಳಿ: 3600 ಹರ್ಟ್ಸ್ 1 ಸೆಕೆಂಡಿಗೆ ಬಂದರೆ, 900 ಹರ್ಟ್ಸ್ ಬರೋದು 2 ಸೆಕೆಂಡಿಗೆ. ಈ ಫ್ರೀಕ್ವೆನ್ಸಿ ನಮ್ಮ ಕಿವಿಗೆ ಎಟುಕುವಂಥದ್ದು, ಹಾಗಾಗಿ ಆಂಟೆನಾಗೆ ಆಡಿಯೋ ಆಂಪ್ಲಿಫೈಯರ್ ಜೋಡಿಸಿದರೆ ಸಾಕು.

ನಿಜವಾದ ಲಾಭ ಇರೋದು ಆ ತಡದಲ್ಲಿ. ದಾರಿಯಲ್ಲಿ ಎಲೆಕ್ಟ್ರಾನ್ ಹೆಚ್ಚಿದ್ದಷ್ಟೂ ಡಿಸ್ಪರ್ಷನ್ ಹೆಚ್ಚು. ಸ್ಟೋರಿ ಇದನ್ನೇ ಹಿಡಿದು, ಅಷ್ಟು ಎತ್ತರದಲ್ಲೂ ಯಾರೂ ಎಣಿಸದಷ್ಟು ಎಲೆಕ್ಟ್ರಾನುಗಳಿವೆ ಎಂದು ತೋರಿಸಿದರು. ಸ್ಪುಟ್ನಿಕ್ ಹಾರಿದ್ದು 1957ರಲ್ಲಿ, ಅದಕ್ಕೂ ನಾಲ್ಕು ವರ್ಷ ಆಮೇಲೆ! 1963ರಲ್ಲಿ ಅಮೆರಿಕದ ಡಾನ್ ಕಾರ್ಪೆಂಟರ್, ಭೂಮಿಯ ತ್ರಿಜ್ಯದ ಸುಮಾರು ನಾಲ್ಕು ಪಟ್ಟು ದೂರದಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಥಟ್ಟನೆ ಕುಸಿಯುವುದನ್ನೂ ಸಿಳ್ಳೆಗಳಿಂದಲೇ ಗುರುತಿಸಿದರು. ಇವತ್ತು ಅದನ್ನು ಪ್ಲಾಸ್ಮಾಪಾಸ್ ಅಂತೀವಿ.

ನಮ್ಮ ಹಾಸ್ಟೆಲ್ ಟೆರೇಸ್ ಮೇಲೆ ಕೇಳಿಸುತ್ತಾ? ಕಷ್ಟ. ಕರ್ನಾಟಕ ಕಾಂತೀಯ ಸಮಭಾಜಕಕ್ಕೆ ಹತ್ತಿರ. ಇಲ್ಲಿನ ಕಾಂತರೇಖೆಗಳು ಅಷ್ಟು ಮೇಲೇರಲ್ಲ. ಆದರೆ ದೂರದ ಸಿಡಿಲಿನ ಚಟಪಟ ಖಂಡಿತ ಸಿಗುತ್ತೆ. ಅಲ್ಲಿಯವರೆಗೆ ಒಂದು ಲೆಕ್ಕ: ಮೇಲಿನ ಸಿಳ್ಳೆಯಲ್ಲಿ 2500 ಹರ್ಟ್ಸ್ ಎಷ್ಟು ಸೆಕೆಂಡಿಗೆ ಬರುತ್ತೆ?